ಕಾಫಿ ಮಗ್ ಮೇಲಿನ ಗೆರೆ

ನನ್ನ ಹೆಸರಿನ ಗೆರೆಯೊಂದು ಇತ್ತು. ಬೆಳಕಿನ ಸಂಶೋಧನೆ ಮಾಡುವವರ ನಡುವೆ, ನಮ್ಮ ಫಿನ್‌ಲ್ಯಾಂಡಿನಲ್ಲಷ್ಟೇ ಅಲ್ಲ, ಎಲ್ಲಿ ಹೋದರೂ, 'ರೈಯಾಳ ಗೆರೆ' ಎಂದರೆ ಸಾಕಿತ್ತು, ಜನ ತಲೆಯಾಡಿಸುತ್ತಿದ್ದರು. ನನಗೆ ಐವತ್ತು ತುಂಬಿದ ದಿನ ನಮ್ಮ ವಿಭಾಗದವರು ಅದನ್ನು ಹನ್ನೆರಡು ಕಾಫಿ ಮಗ್‌ಗಳ ಮೇಲೆ ಅಚ್ಚು ಹಾಕಿಸಿ ತಂದರು. ನೀಲಿಯಿಂದ ಹಸಿರಿಗೆ, ಹಸಿರಿನಿಂದ ಕೆಂಪಿಗೆ, ಏರಿಲ್ಲ, ಇಳಿವಿಲ್ಲ, ನೆಟ್ಟಗೆ ಮಲಗಿದ ಗೆರೆ. ದಿನಕ್ಕೆ ಐದು ಸಲ ಅದರಲ್ಲೇ ಕಾಫಿ ಕುಡಿಯುತ್ತಿದ್ದೆ. ಬೀಗುತ್ತಿದ್ದೆಯಾ ಎಂದು ಯಾರಾದರೂ ಕೇಳಿದರೆ, ಹೌದು, ಬೀಗುತ್ತಿದ್ದೆ. ಅದರಲ್ಲಿ ಮುಚ್ಚಿಡುವಂಥದ್ದೇನಿದೆ?

ಆ ಗ್ರಾಫಿನ ಗೆರೆ ಹೇಳುತ್ತಿದ್ದದ್ದು ಇಷ್ಟು. ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಏಣುಗಳನ್ನು ಸಾಲಾಗಿ ಕೊರೆದು, ಇಪ್ಪತ್ತು ಡಿಗ್ರಿ ಓರೆಯಾಗಿ ಬೆಳಕು ಬಿಟ್ಟರೆ, ಆ ಏಣುಗಳು ಎಲ್ಲ ಬಣ್ಣಗಳನ್ನೂ ಒಂದೇ ಪ್ರಮಾಣದಲ್ಲಿ ಗಾಜಿನೊಳಗೆ ಎಳೆದುಕೊಳ್ಳುತ್ತವೆ. ಕಣ್ಣಮುಂದೆ ಚಿತ್ರ ತೋರಿಸುವ ಕನ್ನಡಕ ಮಾಡುವವರಿಗೆ ಇದು ಬೇಕೇ ಬೇಕು. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಇದನ್ನು ಮೊದಲು ತೋರಿಸಿದವಳು ನಾನು.

ಕಂಪ್ಯೂಟರಿನಲ್ಲಿ ಸರಿ. ಗಾಜಿನಲ್ಲಿ ಮಾತ್ರ ಕೆಂಪು ಕೈಕೊಡುತ್ತಿತ್ತು. ಎಷ್ಟು ಸಲ ಮಾಡಿ ಅಳೆದರೂ ಕೆಂಪಿನ ಹತ್ತಿರ ಗೆರೆ ಗುಂಡಿಗೆ ಬೀಳುತ್ತಿತ್ತು. ಗಾಜು ಕೊರೆಯುವವನು ತೌನೊ, ನಮ್ಮ ದೂಳಿಲ್ಲದ ಕೋಣೆಯ ಹಳೆಯ ಕೆಲಸಗಾರ. ಹನ್ನೊಂದು ವರ್ಷ ನಮ್ಮಿಬ್ಬರ ನಡುವೆ ನಡೆದದ್ದು ಒಂದೇ ಮಾತು.

"ನಿನ್ನ ಏಣಿನ ಅಂಚು ದುಂಡಗಾಗಿದೆ, ತೌನೊ."

"ಆಗಿರ್ಬಹುದು."

ಅಷ್ಟೇ. ಅವನು ಮತ್ತೆ ಬಿಳಿ ಟೋಪಿ ಹಾಕಿಕೊಂಡು ಒಳಗೆ ಹೋಗುತ್ತಿದ್ದ, ಮತ್ತೆ ಕೊರೆಯುತ್ತಿದ್ದ. ಈ ಬೇಸಿಗೆಗೆ ಅವನ ನಿವೃತ್ತಿ.

ನನ್ನ ಇನ್ನೊಂದು ಹೆಮ್ಮೆ, ಖಾಲಿ ಪೆಟ್ಟಿಗೆಯ ನಿಯಮ. ಕಂಪ್ಯೂಟರಿನೊಳಗೆ ನಾವು ಬೆಳಕಿಗೊಂದು ಪೆಟ್ಟಿಗೆ ಕಟ್ಟುತ್ತೇವೆ. ಅದರಲ್ಲಿ ಅಲೆ ಹುಟ್ಟುವ ಜಾಗವನ್ನು ಗೊತ್ತುಮಾಡುತ್ತೇವೆ. ಅದಕ್ಕೆ ಸೋರ್ಸ್ ಎನ್ನುವುದು ರೂಢಿ. ಎಲ್ಲಿಂದ ಹುಟ್ಟಬೇಕು, ಯಾವ ಬಣ್ಣ, ಎಷ್ಟು ಓರೆ, ಎಲ್ಲ ಹೇಳಿಕೊಡಬೇಕು. ಹೊಸಬರು ಬಂದವರೇ ಏಣು ಇಟ್ಟು ಓಡಿಸಲು ಹೊರಡುತ್ತಾರೆ. ನಾನು ಬಿಡುವುದಿಲ್ಲ. ಮೊದಲು ಏಣಿಲ್ಲದ ಬರೀ ಪೆಟ್ಟಿಗೆಯನ್ನು ಓಡಿಸಬೇಕು. ಸೋರ್ಸ್ ಕೊಟ್ಟ ಬೆಳಕು ಅಷ್ಟಕ್ಕಷ್ಟೇ ಆಚೆ ಬರಬೇಕು. ಒಂದು ಕೊಟ್ಟರೆ ಒಂದು. ಹೆಚ್ಚು ಬಂದರೆ ಅದು ಪವಾಡವಲ್ಲ, ಸೋರ್ಸನ್ನು ಗೋಡೆಗೆ ಅಂಟಿಸಿದ ನಿನ್ನ ಎಡವಟ್ಟು ಎಂದು ಬಂದವರಿಗೆಲ್ಲ ಬೈದು ಕಲಿಸಿದ್ದೇನೆ. ನನ್ನ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿಯೂ ಇದ್ದೇನೆ: 'ಮೊದಲು ಖಾಲಿ ಪೆಟ್ಟಿಗೆ.'

ಸೈಮಿ ಬಂದದ್ದು ಐದು ವರ್ಷದ ಕೆಳಗೆ. ಗಡಿಯ ಹತ್ತಿರದ ಹಳ್ಳಿಯವಳು, ಅಪ್ಪ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಾನೆ. ಆಫೀಸಿನೊಳಗೆ ಅಜ್ಜಿ ಹೆಣೆದ ಉಣ್ಣೆಯ ಕಾಲುಚೀಲದಲ್ಲೇ ಓಡಾಡುವ ಹುಡುಗಿ. ನಾಲ್ಕು ಮಾತಾಡುವ ಕಡೆ ಒಂದಾಡುತ್ತಾಳೆ. ಡಾಕ್ಟರೇಟ್ ಪ್ರಬಂಧಕ್ಕೆ ನಾನೇ ಅವಳ ಮಾರ್ಗದರ್ಶಕಿ. ಹಾಗೆಂದು ಅವಳು ನನ್ನನ್ನು ಬಹುವಚನದಲ್ಲಿ ಕರೆಯುವುದಿಲ್ಲ. ನಮ್ಮಲ್ಲಿ ಎಲ್ಲರೂ ಎಲ್ಲರಿಗೂ ನೀನೇ.

ಕಳೆದ ಜನವರಿಯಲ್ಲಿ, ಒಂಬತ್ತೂವರೆಯ ಕಾಫಿ ಹೊತ್ತಿಗೆ ಅವಳು ಲ್ಯಾಪ್‌ಟಾಪ್ ಎದೆಗೊತ್ತಿಕೊಂಡು ಬಂದಳು. ನಾನೂ ತೌನೊನೂ ಮೇಜಿನ ಎದುರುಬದುರು ಕೂತು, ರೈ ಹಿಟ್ಟಿನ ಕಡುಬಿನಂಥ ಪಿರಕ್ಕಕ್ಕೆ ಬೆಣ್ಣೆಯಲ್ಲಿ ಕಲಸಿದ ಮೊಟ್ಟೆ ಹಚ್ಚಿಕೊಳ್ಳುತ್ತಿದ್ದೆವು.

"ರೈಯಾ, ನಿನ್ನ ಹಳೇ ಗೆರೆಯ ಪೆಟ್ಟಿಗೇನ ಹಾಗೇ ಕಟ್ಟಿ, ಖಾಲಿ ಓಡಿಸ್ದೆ," ಎಂದಳು.

"ಜಾಣೆ. ಎಷ್ಟು ಬಂತು?"

"ಒಂದು. ಎಲ್ಲಾ ಬಣ್ಣಕ್ಕೂ ಒಂದೇ."

"ಮತ್ತೇನೇ ನಿನ್ನ ಗೋಳು? ಕೂತ್ಕೊಂಡು ಕಾಫಿ ಕುಡಿ."

ಅವಳು ಕೂರಲಿಲ್ಲ. "ಎಷ್ಟು ಬಂತು ಅಂತ ಮಾತ್ರ ನಾವು ಕೇಳ್ತೀವಿ. ಯಾವ ಕಡೆಗೆ ಹೋಯ್ತು ಅಂತ ಯಾರೂ ಕೇಳಲ್ಲ. ನಾನು ಕೇಳ್ದೆ."

ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ಮೂರು ಚಿತ್ರ. ಖಾಲಿ ಪೆಟ್ಟಿಗೆಯಲ್ಲಿ ಸಾಗುವ ನೀಲಿ ಅಲೆ, ಹಸಿರು ಅಲೆ, ಕೆಂಪು ಅಲೆ. ಉತ್ತ ಸಾಲುಗಳಂತೆ ಓರೆಯಾಗಿ ಬಿದ್ದ ಪಟ್ಟೆಗಳು. ಆದರೆ ಮೂರರ ಓರೆ ಒಂದೇ ಇರಲಿಲ್ಲ. ಹಸಿರು ಸರಿಯಾಗಿ ಇಪ್ಪತ್ತು ಡಿಗ್ರಿ. ನೀಲಿ ಹದಿನಾರು. ಕೆಂಪು ಇಪ್ಪತ್ತನಾಲ್ಕರ ಹತ್ತಿರ.

ಕಾರಣ ಅವಳು ಹೇಳುವ ಮೊದಲೇ ನನಗೆ ಹೊಳೆಯಿತು. ಏಣುಗಳು ಲಕ್ಷಗಟ್ಟಲೆ; ಅಷ್ಟನ್ನೂ ಲೆಕ್ಕ ಹಾಕಲಾಗದು. ಒಂದೇ ಏಣಿನ ಅಗಲಕ್ಕೆ ಪೆಟ್ಟಿಗೆ ಕಟ್ಟಿ, ಬಲಗೋಡೆಯಿಂದ ಹೊರಟ ಅಲೆಯನ್ನು ಎಡಗೋಡೆಯಿಂದ ಮತ್ತೆ ಒಳಗೆ ಬಿಡುತ್ತೇವೆ. ಅಲೆ ಓರೆಯಾಗಿದ್ದರೆ ಹಾಗೆ ಬಿಡುವಾಗ ಒಂದಿಷ್ಟು ಹಿಂದುಮುಂದು ಮಾಡಿ ಬಿಡಬೇಕು. ಎಷ್ಟು ಎಂಬುದನ್ನು ಒಂದೇ ಬಣ್ಣಕ್ಕೆ, ನಡುವಿನ ಹಸಿರಿಗೆ, ಹೊಂದಿಸಿ ಇಡುತ್ತೇವೆ. ಎಲ್ಲ ಬಣ್ಣಗಳನ್ನೂ ಒಟ್ಟಿಗೆ ಬಿಟ್ಟು ಒಂದೇ ಓಟದಲ್ಲಿ ಕೆಲಸ ಮುಗಿಸಲು ಹೋದರೆ, ಉಳಿದ ಬಣ್ಣಗಳು ಹಸಿರಿನ ಅಳತೆಗೇ ಒಗ್ಗಿಕೊಳ್ಳಲು ತಮ್ಮ ಓರೆಯನ್ನು ಬದಲಿಸಿಕೊಳ್ಳುತ್ತವೆ. ಯಾರೂ ದೂರುವುದಿಲ್ಲ, ಕಂಪ್ಯೂಟರ್ ಎಚ್ಚರಿಸುವುದಿಲ್ಲ, ಬೆಳಕಿನ ಮೊತ್ತ ಮಾತ್ರ ಕರಾರುವಾಕ್ಕಾಗಿ ಒಂದು ಬರುತ್ತದೆ. ಇದು ನಮ್ಮ ಕಸುಬಿನವರಿಗೆ ಗೊತ್ತಿರುವ ಹಳ್ಳವೇ. ಗೊತ್ತಿದ್ದೂ ಬೀಳುವಂಥ ಹಳ್ಳ.

ಮೈಯೆಲ್ಲ ಉರಿಯಿತು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಅದು ಅಂಥ ಕೋಪವಲ್ಲ. ಹೆದರಿಕೆಯ ಕೋಪ.

"ಇದು ಚಿಕ್ಕ ಮಕ್ಕಳ ಪಾಠ ಕಣೇ," ಎಂದೆ. "ನಂಗೆ ಹೇಳ್ಕೊಡಕ್ಕೆ ಬಂದ್ಯಾ? ಆಗ್ಲೇ ಇದನ್ನ ನೋಡ್ಕೊಂಡಿದ್ದೆ ನಾನು."

"ನೋಡ್ಕೊಂಡಿದ್ರೆ ಸರಿ. ಆದ್ರೆ ನಾನು ಒಂದೊಂದು ಬಣ್ಣಾನೂ ಬೇರೆ ಬೇರೆ ಓಡಿಸಿದೀನಿ. ಅರವತ್ತೊಂದು ಓಟ. ಪ್ರತಿ ಸಲಾನೂ ಸೋರ್ಸನ್ನ ಮತ್ತೆ ಇಪ್ಪತ್ತಕ್ಕೆ ಇಟ್ಟು, ಗೋಡೆಗಳ್ನೂ ಹೊಂದಿಸಿ. ನೋಡು."

ಹೊಸ ಗೆರೆ. ನೀಲಿ, ಹಸಿರು ಚೆನ್ನಾಗಿಯೇ ಬಂದು, ಕೆಂಪಿನ ಹತ್ತಿರ ದಡಾರನೆ ಅರ್ಧಕ್ಕೆ ಇಳಿದಿತ್ತು.

ತೌನೊ ಪಿರಕ್ಕ ಕಚ್ಚುವುದನ್ನು ನಿಲ್ಲಿಸಿ ತೆರೆಯ ಕಡೆ ಬಗ್ಗಿದ. ತುಂಬ ಹೊತ್ತು ನೋಡಿದ. "ಈ ಗುಂಡಿ ನಂಗೆ ಪರಿಚಯ," ಎಂದ.

"ನೀನು ಸುಮ್ನಿರು!" ಎಂದು ರೇಗಿದೆ. ತೌನೊಗೆ ಸುಮ್ಮನಿರು ಎಂದು ಹೇಳಬೇಕಾಗಿ ಬಂದದ್ದು ಅದೇ ಮೊದಲು.

ಸೈಮಿ ಕೇಳಿದಳು. "ಪ್ರಬಂಧದಲ್ಲಿ ಏನಂತ ಬರೀಲಿ?"

"ನಿನ್ನ ಪ್ರಬಂಧದಲ್ಲಿ ನಿನ್ನ ಕೆಲಸ ಬರಿ. ನನ್ನ ಗೆರೆ ಉಸಾಬರಿ ಬೇಡ. ಹೋಲಿಸ್ಲೇಬೇಕು ಅಂದ್ರೆ, ಎರಡು ಲೆಕ್ಕದ ಹೊಂದಿಕೆ ಬೇರೆ ಬೇರೆ, ಅದಕ್ಕೆ ಅಲ್ಪ ವ್ಯತ್ಯಾಸ ಇದೆ ಅಂತ ಬರಿ."

"ಅಲ್ಪ ಅಲ್ಲ ಅದು."

"ಅಲ್ಪ ಅಂತ ಬರಿ."

ಅವಳು ತನ್ನ ಕಾಲುಚೀಲ ನೋಡುತ್ತ ನಿಂತಳು. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿಕೊಂಡು ಹೊರಟುಹೋದಳು. ನಾನು ಹೇಳಿದಂತೆಯೇ ಬರೆದಳು. ಎಪ್ಪತ್ತೊಂದನೇ ಪುಟ, ಕೆಳಗಿನಿಂದ ಮೂರನೇ ಸಾಲು. ಪ್ರಬಂಧ ಅಚ್ಚಿಗೆ ಹೋಯಿತು.

ಅವಳು ತನ್ನ ಪ್ರಬಂಧವನ್ನು ಸಭೆಯೆದುರು ಸಮರ್ಥಿಸಿಕೊಳ್ಳಬೇಕಾದ ಬಹಿರಂಗ ವಾದಕ್ಕೆ ಹತ್ತು ದಿನ ಉಳಿದಿದ್ದಾಗ, ಒಂದು ಭಾನುವಾರ ಮಧ್ಯಾಹ್ನ, ನಾನು ಆಫೀಸಿಗೆ ಹೋದೆ. ಹೊರಗೆ ಸರೋವರದ ಹಿಮದ ಮೇಲೆ ಬಿಸಿಲು ಹೊಡೆದು ಕಣ್ಣು ಬಿಡಲಾಗುತ್ತಿರಲಿಲ್ಲ. ಊರೆಲ್ಲ ಸ್ಕೀ ಕಟ್ಟಿಕೊಂಡು ಹೊರಗಿತ್ತು. ನನಗೆ ಸಮಾಧಾನವಿರಲಿಲ್ಲ. ಆಗಲೇ ನೋಡಿಕೊಂಡಿದ್ದೆ ಎಂದು ಹೇಳಿದ್ದೆನಲ್ಲ, ನೋಡಿಕೊಂಡದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ಹೋದರೆ ಏನೂ ಸಿಗುತ್ತಿರಲಿಲ್ಲ.

ಹಳೆಯ ಕಡತ ತೆರೆದೆ. ಹನ್ನೊಂದು ವರ್ಷದ ಹಿಂದಿನ ನನ್ನದೇ ಪೆಟ್ಟಿಗೆ, ನನ್ನದೇ ಸೋರ್ಸ್. ಅದರ ಪಕ್ಕದ ಟಿಪ್ಪಣಿಯಲ್ಲಿ ನಾನೇ ಬರೆದುಕೊಂಡಿದ್ದೆ: 'ಉಳಿದ ಬಣ್ಣಗಳ ಓರೆ ನೋಡಬೇಕು.' ಮುಂದೊಂದು ಪ್ರಶ್ನೆ ಚಿಹ್ನೆ. ಸಮ್ಮೇಳನಕ್ಕೆ ಲೇಖನ ಕಳಿಸುವ ಕೊನೆಯ ದಿನ ಅದರ ಮರುದಿನವೇ ಇತ್ತು. ನೋಡಬೇಕು ಎಂದದ್ದನ್ನೇ ನೋಡಿದ್ದೆ ಎಂದು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೆ.

ಖಾಲಿ ಪೆಟ್ಟಿಗೆ ಓಡಿಸಿದೆ. ಈ ಸಲ ಸೈಮಿ ನೋಡಿದ ಹಾಗೆ ನೋಡಿದೆ. ಕೆಂಪು, ಇಪ್ಪತ್ತನಾಲ್ಕು.

ನಾಚಿಕೆಯಾಯಿತು, ಅದನ್ನು ಬೇರೆ ಮಾತಿನಲ್ಲಿ ಹೇಳಲಾಗದು. ಗೆರೆ ಹೋದದ್ದಕ್ಕಿಂತ ತೌನೊನ ನೆನಪೇ ಹೆಚ್ಚು ಚುಚ್ಚಿತು. ಎಷ್ಟು ಗಾಜು, ಎಷ್ಟು ಸಲ. ಸೈಮಿಗೆ ಫೋನ್ ಮಾಡಲು ಎತ್ತಿಕೊಂಡೆ, ಇಟ್ಟೆ. ವಾದ ಮುಗಿಯಲಿ, ಆಮೇಲೆ ಸದ್ದಿಲ್ಲದೆ ಒಂದು ತಿದ್ದುಪಡಿ ಬರೆದು ಕಳಿಸೋಣ ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ಹತ್ತು ದಿನ ಮಾತು ಬಾಯಿಗೆ ಬರುತ್ತಿತ್ತು, ನುಂಗುತ್ತಿದ್ದೆ. ಮೂವತ್ತು ವರ್ಷ ಇತರರ ತಪ್ಪು ಎತ್ತಿ ತೋರಿಸಿದ ಬಾಯಿ ನನ್ನದು. ನನ್ನದನ್ನು ಹೇಳಲು ಅದಕ್ಕೆ ಅಭ್ಯಾಸವಿರಲಿಲ್ಲ.

ವಾದದ ದಿನ ನಾವು ಮೂವರು ಸಾಲಾಗಿ ಸಭಾಂಗಣಕ್ಕೆ ನಡೆದೆವು. ಮುಂದೆ ಕಪ್ಪು ಉಡುಪಿನ ಸೈಮಿ, ಕಾಲಲ್ಲಿ ಅವತ್ತು ಶೂ. ಹಿಂದೆ ನಾನು, ಕೈಯಲ್ಲಿ ನನ್ನ ಡಾಕ್ಟರೇಟಿನ ಎತ್ತರದ ಕಪ್ಪು ಟೋಪಿ. ನನ್ನ ಹಿಂದೆ ಪ್ರಶ್ನೆ ಕೇಳಲು ಬೇರೆ ಊರಿನಿಂದ ಬಂದ ಎದುರುವಾದಿ, ಪ್ರೊಫೆಸರ್ ಲೆಹ್ಟೊವಾರಾ. ಮುಂದಿನ ಸಾಲಿನಲ್ಲಿ ಲಾರಿ ಓಡಿಸುವ ಅಪ್ಪ, ಎದೆಗೆ ಸಾಲದ ಕೋಟು ಹಾಕಿಕೊಂಡು. ಹಿಂದಿನ ಸಾಲಿನಲ್ಲಿ ತೌನೊ. ಅವನ ಕೊರಳಲ್ಲಿ ಟೈ ಇತ್ತು.

ಸಭೆ ನಡೆಸುವ ಮಾರ್ಗದರ್ಶಕಿಗೆ ನಮ್ಮಲ್ಲಿ ಕುಸ್ತೋಸ್ ಎನ್ನುತ್ತಾರೆ. ಸಭೆ ಶುರುವಾಯಿತು ಎನ್ನಬೇಕು, ಮುಗಿಯಿತು ಎನ್ನಬೇಕು, ನಡುವೆ ಬಾಯಿ ಬಿಡಬಾರದು. ನನ್ನಂಥವಳಿಗೆ ಅದು ಶಿಕ್ಷೆ. ಮತ್ತೆ ಆ ಒಂದು ದಿನ ಮಾತ್ರ, ಆ ಕೋಣೆಯೊಳಗೆ ಮಾತ್ರ, ನಾವು ಒಬ್ಬರನ್ನೊಬ್ಬರು ನೀವು ಎನ್ನುತ್ತೇವೆ.

ಲೆಹ್ಟೊವಾರಾ ಒಂದೊಂದೇ ಪುಟ ಮಗುಚಿ ಕೇಳುತ್ತ ಹೋದರು. ಸೈಮಿ ಒಂದಕ್ಕೂ ತಡವರಿಸಲಿಲ್ಲ. ಎಪ್ಪತ್ತು. ಎಪ್ಪತ್ತೊಂದು. ಅವರು ಕನ್ನಡಕ ಸರಿಮಾಡಿಕೊಂಡರು.

"ಗೌರವಾನ್ವಿತ ಪ್ರಬಂಧಕಾರರೇ, ಇಲ್ಲಿ ಅಲ್ಪ ವ್ಯತ್ಯಾಸ ಅಂತ ಬರ್ದಿದ್ದೀರಿ. ಕೆಂಪಿನ ಕಡೆ ನಿಮ್ಮ ಗೆರೆ ಅರ್ಧಕ್ಕೆ ಬಿದ್ದಿದೆ. ನನ್ನ ಸಂಬಳ ಅರ್ಧಕ್ಕೆ ಬಿದ್ರೆ ನಾನು ಅಲ್ಪ ಅನ್ನಲ್ಲ."

ಸಭೆ ನಕ್ಕಿತು. ಅವರು ಮಾತ್ರ ನಗಲಿಲ್ಲ.

"ನಿಮ್ಮ ಗೆರೆ ಇದೆ, ನಿಮ್ಮ ಮಾರ್ಗದರ್ಶಕರ ಹೆಸರಾಂತ ಗೆರೆ ಇದೆ. ಎರಡೂ ಸರಿಯಾಗಿರೋಕೆ ಸಾಧ್ಯ ಇಲ್ಲ. ಯಾವುದು ತಪ್ಪು?"

ಸೈಮಿ ನೀರು ಕುಡಿದಳು. ಲೋಟ ಇಟ್ಟು ನನ್ನ ಕಡೆ ನೋಡಿದಳು. ನಾನು ಮಾತಾಡುವಂತಿರಲಿಲ್ಲ, ಆದರೆ ತಲೆಯಾಡಿಸಬಹುದಿತ್ತು. ಆಡಿಸಲಿಲ್ಲ. ಹೇಡಿತನವೇ ಇರಬೇಕು. ಅವಳಿಗೆ ನನ್ನ ಭಾನುವಾರದ ಸಂಗತಿ ಗೊತ್ತಿಲ್ಲ. ಅವಳಿಗೆ ಗೊತ್ತಿದ್ದದ್ದು, ನನ್ನ ಮಾತಿಗೆ ಎದುರಾಡಿದರೆ ನಾನು ರೇಗುತ್ತೇನೆ, ನಾಳೆ ಕೆಲಸಕ್ಕೆ ಶಿಫಾರಸು ಪತ್ರ ಬರೆಯಬೇಕಾದವಳೂ ನಾನೇ ಎಂಬುದಷ್ಟೇ. 'ಹೊಂದಿಕೆಗಳು ಬೇರೆ' ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಜಾರಿಕೊಂಡಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ಜಾರಿಕೊಳ್ಳಲಿ ಎಂದು ಒಂದು ಕ್ಷಣ ಬಯಸಿದೆ ಕೂಡ.

ಅವಳು ಎದ್ದು ಕಪ್ಪು ಹಲಗೆಯ ಹತ್ತಿರ ಹೋದಳು. ಸೀಮೆಸುಣ್ಣ ತೆಗೆದುಕೊಂಡು ಪೆಟ್ಟಿಗೆ ಬರೆದಳು, ಸೋರ್ಸಿನ ಗೆರೆ ಎಳೆದಳು, ಎರಡು ಗೋಡೆ ತೋರಿಸಿದಳು. ಹಸಿರಿಗೆ ಹೊಂದಿಸಿದ ಗೋಡೆಯಲ್ಲಿ ಕೆಂಪು ಹೇಗೆ ವಾಲುತ್ತದೆ ಎಂದು ಅವಳ ಅಪ್ಪನಿಗೂ ತಿಳಿಯುವ ಹಾಗೆ ಹೇಳಿದಳು. ಅವನು ತಲೆಯಾಡಿಸುತ್ತಿದ್ದದ್ದನ್ನು ನಾನೇ ಕಂಡೆ. ಆಮೇಲೆ ಸೀಮೆಸುಣ್ಣ ಇಟ್ಟು ಕೈ ಒರೆಸಿಕೊಂಡಳು.

"ಮಾರ್ಗದರ್ಶಕರ ಗೆರೆ ತಪ್ಪು," ಎಂದಳು. "ನನ್ನದು ಸರಿ. ಎಪ್ಪತ್ತೊಂದನೇ ಪುಟದ ವಾಕ್ಯಾನೂ ತಪ್ಪು. ಅದು ತಪ್ಪು ಅಂತ ಗೊತ್ತಿದ್ದೂ ಬರ್ದೆ. ಅದರ ಹೊಣೆ ನನ್ನದು."

ರೈಯಾ ಬರೆಸಿದಳು ಎನ್ನಲಿಲ್ಲ. ನನ್ನ ಕಡೆ ಬೆರಳು ಮಾಡಲಿಲ್ಲ. ಗೆರೆ ತಪ್ಪು ಎಂದು ನೇರವಾಗಿ ಹೇಳಿ, ನನ್ನ ಸಣ್ಣತನವನ್ನು ಮಾತ್ರ ತನ್ನ ಮೇಲೆ ಹಾಕಿಕೊಂಡಳು. ನನಗೋ, ಮುಖ ಕೆಂಪಾಗಬೇಕಾದ ಹೊತ್ತಿನಲ್ಲಿ ಎದೆ ಉಬ್ಬಿತು. ನನ್ನ ಗೆರೆ ಮಣ್ಣುಪಾಲಾಗುತ್ತಿದೆ, ನಾನು ಒಳಗೊಳಗೇ ಇವಳು ನನ್ನ ಹುಡುಗಿ, ನನ್ನ ಹುಡುಗಿ ಎಂದುಕೊಳ್ಳುತ್ತಿದ್ದೇನೆ. ಹನ್ನೆರಡು ಮಗ್ ಬಂದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

"ನಿಮ್ಮ ಮಾರ್ಗದರ್ಶಕರು ಇದನ್ನ ಒಪ್ತಾರಾ?" ಎಂದು ಲೆಹ್ಟೊವಾರಾ ಕೇಳಿದರು.

"ಗೊತ್ತಿಲ್ಲ. ಅವರು ಕುಸ್ತೋಸ್. ಇವತ್ತು ಅವರು ಮಾತಾಡೋ ಹಾಗಿಲ್ಲ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಪ್ರಶ್ನೆಗಳು ಮುಗಿದವು. ಎದುರುವಾದಿ ಎದ್ದು ನಿಂತು, ಪ್ರಬಂಧವನ್ನು ಅಂಗೀಕರಿಸಬಹುದು, ಆದರೆ ಎಪ್ಪತ್ತೊಂದನೇ ಪುಟದ ವಿವಾದ ಬಗೆಹರಿದಿಲ್ಲವೆಂದು ತಮ್ಮ ವರದಿಯಲ್ಲಿ ಬರೆಯಬೇಕಾಗುತ್ತದೆ ಎಂದರು. ಕೊನೆಗೆ ಪದ್ಧತಿಯಂತೆ ಸೈಮಿ ಸಭೆಯ ಕಡೆ ತಿರುಗಿದಳು.

"ನನ್ನ ಪ್ರಬಂಧದ ಬಗ್ಗೆ ಆಕ್ಷೇಪ ಇರೋರು, ಮಾತಾಡೋಕೆ ಕುಸ್ತೋಸ್ ಅವರ ಹತ್ರ ಅವಕಾಶ ಕೇಳ್ಬೇಕು ಅಂತ ವಿನಂತಿ."

ಇದು ಬಾಯಿಪಾಠದ ಮಾತು. ಇಪ್ಪತ್ತೇಳು ವರ್ಷದಲ್ಲಿ ಯಾರೊಬ್ಬರೂ ಎದ್ದದ್ದನ್ನು ನಾನು ಕಂಡಿಲ್ಲ. ಎಲ್ಲರೂ ಕಾಫಿಯ ಕಡೆ ಮನಸ್ಸು ತಿರುಗಿಸುವ ಹೊತ್ತು ಅದು.

ನಾನು ಎದ್ದೆ. "ಆಕ್ಷೇಪ ಇದೆ. ಕುಸ್ತೋಸ್ ಅವರ ಹತ್ರ ಅವಕಾಶ ಕೇಳ್ತಾ ಇದೀನಿ."

ಲೆಹ್ಟೊವಾರಾ ಹುಬ್ಬೇರಿಸಿದರು. ಕುಸ್ತೋಸ್ ಆಗಿದ್ದವಳು ನಾನೇ. ಆದ್ದರಿಂದ ನಾನೇ ಉತ್ತರಿಸಬೇಕಾಯಿತು.

"ಕುಸ್ತೋಸ್ ಅವಕಾಶ ಕೊಟ್ಟಿದ್ದಾರೆ."

ನಗು ಹರಡಿತು. ಸೈಮಿಯ ಮುಖ ಮಾತ್ರ ಬಿಳಿಚಿಕೊಂಡಿತು. ಆ ಮುಖ ಇವತ್ತಿಗೂ ಕಣ್ಣಮುಂದೆ ಇದೆ.

"ಗೌರವಾನ್ವಿತ ಪ್ರಬಂಧಕಾರರೇ," ಎಂದೆ. "ಎಪ್ಪತ್ತೊಂದನೇ ಪುಟದ ಹೊಣೆ ನಿಮ್ಮದಲ್ಲ. ಆ ವಾಕ್ಯ ನಿಮ್ಮ ಕೈಲಿ ಬರೆಸಿದ್ದು ನಾನು. ಹತ್ತು ದಿನದ ಹಿಂದೆ ನನ್ನ ಹಳೇ ಪೆಟ್ಟಿಗೇನ ಖಾಲಿ ಓಡಿಸ್ದೆ. ನೀವು ಹೇಳಿದ್ದೇ ಸರಿ. ಕೆಂಪು ಇಪ್ಪತ್ತನಾಲ್ಕಕ್ಕೆ ಹೋಗಿದೆ. ಎಷ್ಟು ಬೆಳಕು ಅಂತ ನಾನು ಈ ಊರಿಗೆಲ್ಲ ಕೇಳೋದು ಕಲಿಸ್ದೆ. ಯಾವ ಕಡೆಗೆ ಅಂತ ಕೇಳೋದನ್ನ ನೀವು ನನಗೆ ಕಲಿಸಿದ್ರಿ."

ಇನ್ನೊಂದು ಮಾತು ಉಳಿದಿತ್ತು, ಅದೇ ಕಷ್ಟದ್ದು. ಹಿಂದಿನ ಸಾಲಿನ ಕಡೆ ನೋಡಿದೆ.

"ಹನ್ನೊಂದು ವರ್ಷ ಈ ತಪ್ಪನ್ನ ಗಾಜು ಕೊರೆಯೋರ ಕೈ ಮೇಲೆ ಹಾಕಿದ್ದೆ. ಆ ಕೈ ಒಂದು ಸಲಾನೂ ತಪ್ಪಿರಲಿಲ್ಲ. ತೌನೊ ಅವರೇ, ಕ್ಷಮಿಸಿ. ಇದು ಸಭೆಯ ನಡವಳಿಯಲ್ಲಿ ದಾಖಲಾಗ್ಬೇಕು."

ತೌನೊ ಟೈ ಸಡಿಲ ಮಾಡಿಕೊಂಡ. ಅಷ್ಟೇ. ಆದರೆ ಅವನ ಕಣ್ಣು ನೋಡಿ ನಾನು ಮುಂದಿದ್ದ ಕಾಗದದ ಕಡೆ ತಲೆ ತಗ್ಗಿಸಬೇಕಾಯಿತು.

ಆಕ್ಷೇಪಕ್ಕೆ ಉತ್ತರ ಕೊಡದೆ ಪ್ರಬಂಧಕಾರರು ಕೂರುವಂತಿಲ್ಲ. ಸೈಮಿ ನನ್ನ ಕಡೆ ತಿರುಗಿದಳು.

"ಗೌರವಾನ್ವಿತ ಕುಸ್ತೋಸ್, ನಿಮ್ಮ ಆಕ್ಷೇಪದಲ್ಲಿ ಅರ್ಧ ಒಪ್ತೀನಿ. ಬರೆಸಿದ್ದು ನೀವು, ಬರೆದದ್ದು ನಾನು. ಹೊಣೆ ಇಬ್ಬರದೂ." ಸ್ವಲ್ಪ ತಡೆದು, "ಮತ್ತೆ, ಮೊದಲು ಖಾಲಿ ಪೆಟ್ಟಿಗೆ ಅಂತ ನಿಮ್ಮ ಬಾಗಿಲ ಮೇಲೆ ಇರ್ದಿದ್ರೆ ನಾನು ಅದನ್ನ ನೋಡ್ತಾನೇ ಇರ್ಲಿಲ್ಲ," ಎಂದಳು.

ನಾನು ಸಭೆ ಮುಗಿಯಿತೆಂದು ಘೋಷಿಸಿದೆ. ಲೆಹ್ಟೊವಾರಾ ವರದಿಗೆಂದು ಬರೆದುಕೊಂಡಿದ್ದ ವಿವಾದದ ಸಾಲನ್ನು ಅಲ್ಲೇ ಹೊಡೆದು ಹಾಕಿದರು.

ಕಾಫಿಯ ಕೋಣೆಯಲ್ಲಿ ಕೇಕಿನ ಮುಂದೆ ಸೈಮಿಯ ಅಪ್ಪ ನನ್ನನ್ನು ಹುಡುಕಿಕೊಂಡು ಬಂದ. ಕೋಟಿನ ಗುಂಡಿ ಅಷ್ಟರಲ್ಲಿ ಬಿಚ್ಚಿದ್ದ.

"ಕೊನೇಲಿ ಏನೋ ಗಲಾಟೆ ಆಯ್ತಲ್ಲ," ಎಂದ. "ಮಗಳು ಪಾಸೋ ಇಲ್ವೋ?"

"ಪಾಸು ಕಣಪ್ಪ. ನನ್ನನ್ನ ಸೋಲ್ಸಿ ಪಾಸಾದ್ಲು."

"ಹೋ," ಎಂದು ಅವನು ನನ್ನ ಕೈ ಹಿಡಿದು ಕುಲುಕಿದ, ದಿಮ್ಮಿ ಎತ್ತುವ ಕೈ, ನನ್ನ ಬೆರಳುಗಳ ನೆಟಿಗೆ ಮುರಿಯಿತು. "ಹಾಗಾದ್ರೆ ನೀನು ಚೆನ್ನಾಗೇ ಕಲಿಸಿದೀಯ."

ಸೈಮಿ ಅಷ್ಟರಲ್ಲಿ ಶೂ ಕಿತ್ತೆಸೆದು ಉಣ್ಣೆಯ ಕಾಲುಚೀಲಕ್ಕೆ ಬಂದಿದ್ದಳು. ನನ್ನ ಹತ್ತಿರ ಬಂದು ಮುಖ ಗಂಟಿಕ್ಕಿ ನಿಂತಳು. "ಹತ್ತು ದಿನ! ಹತ್ತು ದಿನದಿಂದ ಗೊತ್ತಿತ್ತಾ ನಿಂಗೆ? ಅಲ್ಲಿ ನಿಂತಾಗ ನಂಗೆಷ್ಟು ಹೆದರಿಕೆ ಆಗಿತ್ತು ಗೊತ್ತಾ, ರೈಯಾ?"

"ಗೊತ್ತಿತ್ತು ಕಣೇ. ಹೇಳೋ ಧೈರ್ಯ ನಂಗಿರ್ಲಿಲ್ಲ. ನಿಂಗಿತ್ತು."

ಬೈಯಲು ಬಂದವಳು ನನ್ನ ಹೆಗಲಿಗೆ ಹಣೆ ಒತ್ತಿದಳು. ನಮ್ಮಲ್ಲಿ ಯಾರೂ ಯಾರನ್ನೂ ಹಾಗೆಲ್ಲ ಮುಟ್ಟುವುದಿಲ್ಲ.

ತೌನೊ ಕಪಾಟಿನಿಂದ ನನ್ನ ಮಗ್ ತೆಗೆದ. ಗಾಜಿನ ಡಬ್ಬಿಗಳ ಮೇಲೆ ಗುರುತು ಹಾಕುವ ಕಪ್ಪು ಪೆನ್ನನ್ನು ಜೇಬಿನಿಂದ ಎಳೆದು, ನೆಟ್ಟಗೆ ಮಲಗಿದ್ದ ಗೆರೆಯ ಕೆಂಪು ತುದಿಯಲ್ಲಿ ನಿಧಾನವಾಗಿ ಒಂದು ಗುಂಡಿ ಬರೆದ. ಅಳತೆ ನೋಡಿ ಬರೆದಂತಿತ್ತು. ಅಷ್ಟು ವರ್ಷ ಅಳೆದವನು, ಅವನಿಗೆ ಅಳತೆ ಬೇಕೆ? ಅದರ ಕೆಳಗೆ 'ಸೈಮಿಯ ಗೆರೆ' ಎಂದು ಬರೆದು, ಮಗ್‌ಗೆ ಕಾಫಿ ತುಂಬಿ ನನ್ನ ಕೈಗೆ ಕೊಟ್ಟ.

ನಾನು ಮಗ್ ಎತ್ತಿ ಬೆಳಕಿಗೆ ಹಿಡಿದು ನೋಡಿದೆ. "ಗುಂಡಿಯ ಅಂಚು ದುಂಡಗಾಗಿದೆ, ತೌನೊ."

"ಆಗಿರ್ಬಹುದು," ಎಂದ ಅವನು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅದನ್ನು ನಗುತ್ತ ಹೇಳಿದ.